ಆಚೆಯ ಏಳು ಮರ

ಅಪ್ಪ ಮರದ ಅರ್ಧದಲ್ಲೇ ನಿಂತುಬಿಟ್ಟಿದ್ದ. ಜೊವೆಲಿನ್ ಅದನ್ನು ಕಂಡು ಎಂಟು ದಿನವಾಗಿತ್ತು. ಮಗುವಿಗೆ ಹಾಲೂಡಿಸುವಾಗ, ಬಟ್ಟೆ ಹಿಂಡುವಾಗ, ಅನ್ನ ಮಾಡುವಾಗ ಮತ್ತೆ ಮತ್ತೆ ಅದೇ ಕಣ್ಣಿಗೆ ಕಟ್ಟುತ್ತಿತ್ತು: ತೆಂಗಿನ ಮರವನ್ನು ತಬ್ಬಿ, ಕೆನ್ನೆ ಒತ್ತಿ, ಕಣ್ಣು ಮುಚ್ಚಿಕೊಂಡು ನಿಂತ ಅರವತ್ತನಾಲ್ಕರ ಅಂಬ್ರೋಸಿಯೊ. ಇಳಿದು ಬಂದ ಮೇಲೆ ಕೇಳಿದರೆ, "ಮರ ಏನೋ ಗುಟ್ಟು ಹೇಳ್ತಿತ್ತು ಮಗಳೇ, ಕೇಳಿಸ್ಕೊಂಡೆ" ಎಂದು ನಕ್ಕಿದ್ದ. ಮೊಣಕಾಲು ಎಳೆ ಹಲಸಿನಕಾಯಿಯಷ್ಟು ಊದಿತ್ತು.

ಅವರ ಊರು ತಯಾಬಾಸಿನಲ್ಲಿ ಕಳ್ಳು ಇಳಿಸುವವರು ಮರಮರಕ್ಕೂ ಹತ್ತಿ ಇಳಿಯುವವರಲ್ಲ. ಒಂದು ಮರ ಹತ್ತಿದರಾಯಿತು. ಅಲ್ಲಿಂದ ಮುಂದಿನ ಮರದ ತಲೆಗೆ ಕಟ್ಟಿದ ಬಿದಿರ ಮೇಲೆ ಕಾಲಿಟ್ಟು, ಇನ್ನೊಂದು ಬಿದಿರನ್ನು ಕೈಯಲ್ಲಿ ಹಿಡಿದು ನಡೆದುಬಿಡುತ್ತಾರೆ. ಅಂಬ್ರೋಸಿಯೊ ಹತ್ತನೇ ವಯಸ್ಸಿಗೇ ಅಣ್ಣ ಇಲಾರಿಯೊನ ಹಿಂದೆ ಆ ದಾರಿ ಹಿಡಿದವನು. ಅಣ್ಣ ಮುಂದೆ ಹೊಂಬಾಳೆ ಕೊಯ್ಯುತ್ತ, ತಮ್ಮ ಹಿಂದೆ ಕಳ್ಳು ಬಗ್ಗಿಸಿಕೊಳ್ಳುತ್ತ ನಲವತ್ತೆರಡು ವರ್ಷ ನಡೆದರು. ಅಣ್ಣನ ಅಂಗಾಲಿನ ಬಿರುಕುಗಳ ಲೆಕ್ಕ ಅತ್ತಿಗೆಗಿಂತ ತನಗೇ ಚೆನ್ನಾಗಿ ಗೊತ್ತು ಎಂದು ಅವನು ಹೇಳುತ್ತಿದ್ದ ಕಾಲವೂ ಇತ್ತು.

ಅವರ ಅಪ್ಪ, ಅಂದರೆ ಜೊವೆಲಿನ್‌ಳ ಅಜ್ಜ, ತೋಟ ಪಾಲು ಮಾಡದೆ ಸತ್ತ. ಒಂಬತ್ತು ದಿನದ ಪ್ರಾರ್ಥನೆ ಮುಗಿದು ನೆಂಟರು ಇನ್ನೂ ಊಟಕ್ಕೆ ಕೂತಿದ್ದಾಗಲೇ ಇಲಾರಿಯೊ ಸುಣ್ಣದ ಡಬ್ಬಿ ತಂದು ತೋಟದ ನಡುವಿನ ಸಾಲಿಗೆಲ್ಲ ಪಟ್ಟೆ ಬಳಿದ. "ಹಿರಿಯ ನಾನು. ನಡುಸಾಲು ನಂದು." ತಮ್ಮನಿಗೆ ಈಚೆ ಇಪ್ಪತ್ತು ಮರ, ಹಳ್ಳದ ಆಚೆ ಅಣ್ಣನ ಮರಗಳ ನಡುವೆ ಅಲ್ಲೊಂದು ಇಲ್ಲೊಂದು ಏಳು. ಅಂಬ್ರೋಸಿಯೊ ಮರುದಿನ ಬೆಳಿಗ್ಗೆ ಮೇಲೇರಿ, ಅಣ್ಣನ ಸಾಲಿಗೆ ಹಾಯುವ ಬಿದಿರನ್ನೆಲ್ಲ ಕತ್ತಿಯಿಂದ ಕಡಿದು ಕೆಡವಿದ. ಸಿಟ್ಟಿನಲ್ಲಿ ಹೊಳೆಯಲೇ ಇಲ್ಲ, ಆಚೆಯ ಏಳು ಮರಕ್ಕೆ ತನಗಿದ್ದ ದಾರಿಯೂ ಅದೊಂದೇ ಎಂದು. ಕೂತ ಕೊಂಬೆಯನ್ನೇ ಕಡಿದುಕೊಂಡಿದ್ದ.

ಅದಾಗಿ ಹನ್ನೆರಡು ವರ್ಷ. ಈಚೆಯ ಮರಗಳಿಂದ ಇಳಿದು, ಹಳ್ಳ ಬಳಸಿ ಹೋಗಿ, ಏಳನ್ನೂ ಬೇರೆ ಬೇರೆಯಾಗಿ ಹತ್ತುವುದು, ಇಳಿಯುವುದು. ಬೆಳಿಗ್ಗೆ ಏಳು, ಸಂಜೆ ಏಳು.

"ಆ ಏಳನ್ನ ಬಿಟ್ಟುಬಿಡು ಅಂತ ಹೇಳಮ್ಮ" ಎಂದಳು ಜೊವೆಲಿನ್, ನೂರನೆಯ ಸಲ.

"ನಾನು ಹೇಳದೇ ಇರೋದಾ?" ತಾಯಿ ಫೆಲಿಸಾ ಒಣಮೀನು ಮಗುಚುತ್ತ ನಿಟ್ಟುಸಿರಿಟ್ಟಳು. "ಬಿಟ್ರೆ ಅಣ್ಣ ಗೆದ್ದ ಹಾಗಂತೆ. ಎಮ್ಮೆಗಾದ್ರೂ ಮೂಗುದಾರ ಇರುತ್ತೆ, ನಿಮ್ಮಪ್ಪಂಗೆ ಅದೂ ಇಲ್ಲ."

ಮಗುವಿಗೆ ನಾಲ್ಕು ತಿಂಗಳು. ಭಾನುವಾರ ಜ್ಞಾನಸ್ನಾನ. ಅಂದು ಮಗುವಿನ ಹೊಣೆ ಹೊತ್ತು ನಿಲ್ಲುವ ಜ್ಞಾನತಂದೆ ಯಾರೆಂದು ಇವತ್ತೇ ಚರ್ಚಿಗೆ ತಿಳಿಸಬೇಕಿತ್ತು. "ಊರ ಪಂಚಾಯ್ತಿ ಕ್ಯಾಪ್ಟನ್ನನ್ನ ಕೇಳು. ಹೊಟ್ಟೆಯೂ ದೊಡ್ಡದು, ಜೇಬೂ ದೊಡ್ಡದು" ಎಂದು ಬೆಳಿಗ್ಗೆ ತಮಾಷೆ ಮಾಡಿ ಅಪ್ಪ ಕುಂಟುತ್ತ ತೋಟಕ್ಕೆ ಹೋಗಿದ್ದ.

ಜೊವೆಲಿನ್‌ಳ ಮನಸ್ಸಿನಲ್ಲಿದ್ದ ಹೆಸರು ಬೇರೆ. ಜ್ಞಾನತಂದೆಯಾಗು ಎಂದು ಕೇಳಿದರೆ ಯಾರೂ ಒಲ್ಲೆ ಎನ್ನುವಂತಿಲ್ಲ. ಒಲ್ಲೆ ಎಂದರೆ ಮಗುವಿಗೆ ಕೇಡು ಎಂದು ಊರವರ ನಂಬಿಕೆ. ಒಪ್ಪಿದವನು ಆ ದಿನ ಮಗುವಿನ ಅಜ್ಜನ ಪಕ್ಕದಲ್ಲೇ ಕೂರಬೇಕು, ಸುತ್ತಿ ಬರುವ ಒಂದೇ ಲೋಟದಲ್ಲಿ ಅವನ ನಂತರ ಕುಡಿಯಬೇಕು. ಲುಸೇನಾದ ಕಾಲೇಜಿನಲ್ಲಿ ಓದಿದ ಅವಳು ಕೇಡುಗೀಡು ನಂಬುವವಳಲ್ಲ. ಆದರೆ ಮಗು ಎರಡು ಸಲ ಸೀನಿದರೆ ಫೋನಿನಲ್ಲಿ ಹತ್ತು ರೋಗ ಹುಡುಕುವವಳು. ಇಡೀ ಊರಿನಲ್ಲಿ ಒಲ್ಲೆ ಎನ್ನುವಷ್ಟು ಗಟ್ಟಿ ಎದೆಯವನು ಒಬ್ಬನಿದ್ದರೆ ಅದು ದೊಡ್ಡಪ್ಪ ಇಲಾರಿಯೊನೇ. ಅಂದುಬಿಟ್ಟರೆ? ಅಪ್ಪನ ಕಾಲಿಗಾಗಿ ಕೂಸನ್ನು ಕೇಡಿಗೆ ಒಡ್ಡಿದ ಹಾಗಾಗುವುದಿಲ್ಲವೇ? ಒಪ್ಪಿದರೆ ಕಡಿದ ಬಿದಿರ ದಾರಿ ಮತ್ತೆ ಕೂಡಬಹುದು; ಸುಮ್ಮನಿದ್ದರೆ ಅಪ್ಪ ಒಂದು ದಿನ ಬೀಳುತ್ತಾನೆ. ಯೋಚಿಸಿ ಯೋಚಿಸಿ ಅವಳ ತಲೆ ಮರಗಟ್ಟಿತ್ತು.

ದೊಡ್ಡಪ್ಪನ ಮನೆ ತೋಟದ ಆಚೆಗೇ, ಕೂಗಿದರೆ ಕೇಳುವಷ್ಟು ದೂರ. ಆದರೆ ಕೂಗಿದರೆ ಅಪ್ಪನಿಗೂ ಕೇಳುತ್ತದೆ. ಫೆಲಿಸಾ ಮಗಳ ಎಣಿಕೆ ಊಹಿಸಿದವಳಂತೆ ಅಕ್ಕಿ ಡಬ್ಬಿಯ ಮುಚ್ಚಳ ತಂದು ಮಗಳ ಮುಂದೆ ಮಗುಚಿಟ್ಟಳು. ಒಳಬದಿಯಲ್ಲಿ ಇದ್ದಿಲಿನಿಂದ ಬರೆದ ದೊಡ್ಡಪ್ಪನ ಫೋನ್ ನಂಬರಿತ್ತು.

"ಯಾವಾಗ ಬರ್ಕೊಂಡೆ ಇದನ್ನ?"

"ನಿಮ್ಮಪ್ಪನ ಕಾಲು ಊದೋಕೆ ಶುರುವಾದಾಗ. ಫೋನ್ ಮಾಡೋ ಧೈರ್ಯ ನನಗೆ ಬರ್ಲಿಲ್ಲ. ಮಗು ಕೊಡಿಲ್ಲಿ."

ಜೊವೆಲಿನ್ ನಂಬರು ಒತ್ತಿದಳು. ಎರಡನೇ ರಿಂಗಿಗೇ ಎತ್ತಿದರು.

"ದೊಡ್ಡಪ್ಪ, ನಾನು ಜೊವೆಲಿನ್."

ಹುಂಜ ಕೂಗಿದ್ದು ಫೋನಿನಲ್ಲೂ ಕಿಟಕಿಯಲ್ಲೂ ಒಟ್ಟಿಗೆ ಕೇಳಿಸಿತು.

"ನಿಮ್ಮಪ್ಪ ನಾಲ್ಕನೇ ಮರದಲ್ಲಿದ್ದಾನೆ" ಎಂದ ಇಲಾರಿಯೊ. "ಬಿದ್ದಿಲ್ಲ. ಅದನ್ನ ಕೇಳೋಕಾದ್ರೆ ಇಟ್ಟುಬಿಡು."

"ಅದಕ್ಕಲ್ಲ. ಭಾನುವಾರ ನನ್ನ ಮಗಳಿಗೆ ನೀವು ಜ್ಞಾನತಂದೆ ಆಗ್ಬೇಕು."

"ಅವನು ಕೇಳು ಅಂದ್ನಾ?"

ಹೌದು ಎಂದರೆ ಸುಲಭವಿತ್ತು. "ಇಲ್ಲ. ಅಪ್ಪಂಗೆ ಗೊತ್ತೇ ಇಲ್ಲ."

"ಕಳ್ಳಿ! ಆಗಲ್ಲ ಅನ್ನೋ ಹಾಗಿಲ್ಲ ಅಂತ ಗೊತ್ತಿದ್ದೇ ಕೇಳ್ತಿದೀಯ."

"ಹೂಂ ದೊಡ್ಡಪ್ಪ."

ಅವನು ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ. "ನನಗೂ ಈಗ ಮೇಲೆ ತಲೆ ತಿರುಗುತ್ತೆ. ನಾಲ್ಕು ಬಿದಿರು ಒಣಗಿಸಿಟ್ಟಿದೀನಿ, ಹೋದ ವರ್ಷದ್ದು. ಒಬ್ಬನೇ ಕಟ್ಟೋಕಾಗಲ್ಲ. ಭಾನುವಾರ ಕುಡಿದಾದ ಮೇಲೆ ನೋಡೋಣ. ಕತ್ತಿ ಮನೇಲಿಟ್ಟು ಬಾ ಅಂತ ಹೇಳು ಅವನಿಗೆ."

"ದೊಡ್ಡಪ್ಪ..."

"ಈಗ ಇಡು ಮಗಳೇ. ಇಳೀತಿದ್ದಾನೆ, ನೋಡ್ಬೇಕು."