ಕತ್ತರಿಯಕ್ಕ ಒರೆಸಿದ ಅಂಚು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಕತ್ತರಿಯಕ್ಕ ಅಂತಲೇ ಕರೆಯುತ್ತಿದ್ದರು. ಕೂತಲ್ಲಿ ಕೂರುವ ಜೀವವಲ್ಲ ಅದು. ಯಾರ ತೋಳಿನಲ್ಲಾದರೂ ಒಂದೆಳೆ ದಾರ ಜೋತುಬಿದ್ದರೆ ಸಾಕು, ಕಿತ್ತುಹಾಕಿಯೇ ಮುಂದಿನ ಮಾತು. ಪುಣ್ಯಾತ್ಗಿತ್ತಿಗೆ ತಕ್ಕ ಕೆಲಸವೇ ಸಿಕ್ಕಿತ್ತು. ಸರ್ವೆಯವರು ನೆಲ ಅಳೆದು ಚುಕ್ಕೆಗಳನ್ನು ತರುತ್ತಾರೆ. ಕಂಪ್ಯೂಟರು ಅವನ್ನು ಮೂರು ಮೂರಾಗಿ ಜೋಡಿಸಿ, ತ್ರಿಕೋನಗಳಲ್ಲಿ ನೆಲದ ಏರುತಗ್ಗಿನ ಮಾದರಿ ಕಟ್ಟುತ್ತದೆ. ಅಂಚಿಗೆ ಬಂದಾಗ ಮಾತ್ರ ಅದಕ್ಕೆ ಮಂಕು ಕವಿಯುತ್ತದೆ. ಎಲ್ಲಿಯದೋ ಚುಕ್ಕೆಯನ್ನು ಇನ್ನೆಲ್ಲಿಯದಕ್ಕೋ ಗಂಟುಹಾಕಿ, ಕಡ್ಡಿಯಂಥ ಸಣಕಲು ತ್ರಿಕೋನಗಳನ್ನೆಳೆದು, ಯಾರೂ ಅಳೆಯದ ನೆಲವನ್ನು ಹುಟ್ಟಿಸಿಬಿಡುತ್ತದೆ. ಅವನ್ನು ಕತ್ತರಿಸುವುದೇ ಇವಳ ಕೆಲಸ.

ಗುಡ್ಡದ ಮಳೆನೀರಿನ ಕೊಳವೆಗೆ ಮಾದರಿ ಬೇಕೆಂದು ಎಂಜಿನಿಯರು ಪ್ರಾಣ ಹಿಂಡುತ್ತಿದ್ದರು. ಒಂದೊಂದನ್ನೇ ನೋಡಿ ಕತ್ತರಿಸುವ ತಾಳ್ಮೆ ಇವಳಿಗೆಲ್ಲಿಂದ ಬರಬೇಕು? ಅಂಚಿನಲ್ಲಿ ಉದ್ದದ ಗೆರೆಯಿದ್ದ ತ್ರಿಕೋನಗಳನ್ನೆಲ್ಲ ಒಂದೇ ಏಟಿಗೆ ಒರೆಸಿ ಕಳಿಸಿಬಿಟ್ಟಳು. ಅಂಚೇನೋ ಚೊಕ್ಕಟವಾಯಿತು. ಆದರೂ ಒಳಗೇನೋ ಕೊರೆಯುತ್ತಲೇ ಇತ್ತು.

ಕೊಳವೆಗೆ ಅಗೆಯುವ ದಿನ ಬೆಳಿಗ್ಗೆ ಮನಸ್ಸು ತಡೆಯದೆ ಗುಡ್ಡದ ಬುಡದಲ್ಲಿದ್ದ ತಂಗಿಯ ಮನೆಗೆ ಹೋದಳು. ತಂಗಿ ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಹಿತ್ತಲ ಬಾಗಿಲಲ್ಲಿ ಕೂತಿದ್ದಳು.

"ಏನಕ್ಕಾ, ಕಾಲಿಗೆ ಚಕ್ರ ಕಟ್ಕೊಂಡಿದೀಯಾ?"

"ಸುಮ್ನಿರೇ. ಮೇಲೆ ಕೊಳವೆ ಹಾಕ್ತಾರಲ್ಲ, ನೋಡೋಣಾಂತ ಬಂದೆ."

"ಆ ನೀರನ್ನೆಲ್ಲ ಎಲ್ಲಿಗೆ ಬಿಡ್ತಾರೆ?"

"ಇಳಿಜಾರಿನ ಕೊನೆಗೆ, ನಕ್ಷೆಯ ಅಂಚಿಗೆ. ಅದರಾಚೆ ನಕ್ಷೇಲಿ ಏನೂ ಇಲ್ಲ."

"ಏನೂ ಇಲ್ವಾ! ಮತ್ತೆ ನಾವೇನು ಗಾಳೀಲಿ ಇದೀವಾ? ನಿಮ್ಮ ಸರ್ವೆಯವರು ಇಲ್ಲಿಗೂ ಬಂದಿದ್ರಲ್ಲ. ನಾಯಿಗೆ ಹೆದರ್ಕೊಂಡು ಆ ಮೂಲೇಲೊಂದು ಈ ಮೂಲೇಲೊಂದು ಅಳತೆ ಕೋಲು ನಿಲ್ಲಿಸಿ, ಬದುಕಿದೆಯಾ ಬಡಜೀವವೇ ಅಂತ ಓಡಿದ್ರು."

ಕತ್ತರಿಯಕ್ಕ ಹಿತ್ತಲಿನ ಎರಡೂ ಮೂಲೆಗಳತ್ತ ನೋಡಿದಳು. ಎರಡೇ ಚುಕ್ಕೆ, ಅದೂ ದೂರ ದೂರ. ಅಂದಮೇಲೆ ಇಲ್ಲಿಯ ತ್ರಿಕೋನಗಳೂ ಉದ್ದವೇ, ಸಣಕಲೇ. ಆದರೆ ನಿಜವಾದವು. ಕಸವೆಂದು ಅವಳು ಒರೆಸಿದ್ದು ತಂಗಿಯ ಹಿತ್ತಲನ್ನು! ಬಾಯಿಬಿಟ್ಟರೆ ಇಷ್ಟು ವರ್ಷ ಗಳಿಸಿದ ಹೆಸರು ಮಣ್ಣುಪಾಲು. ಬಿಡದಿದ್ದರೆ ಮೊದಲ ಜೋರು ಮಳೆಗೇ ಗುಡ್ಡದ ನೀರೆಲ್ಲ ಈ ಮಗುವಿನ ತೊಟ್ಟಿಲಿಗೆ. ಮೇಲೆ ಅಗೆಯುವ ಯಂತ್ರ ಗುರುಗುಟ್ಟತೊಡಗಿತು. ನಾಚಿಕೆಯಿಂದ ಮುಖ ಕಾದುಹೋಗಿತ್ತು. ಆದರೂ ಎಂಜಿನಿಯರಿಗೆ ಫೋನ್ ಮಾಡಿದಳು.

"ಸರ್, ಕೆಲಸ ನಿಲ್ಸಿ. ನೀರು ಗುಡ್ಡದ ಬುಡಕ್ಕೆ ಬಿಡೋ ಹಾಗಿಲ್ಲ. ತಪ್ಪು ನಂದು."

"ಏನ್ರೀ ಇದು, ಕೊನೇ ಗಳಿಗೇಲಿ? ನೀವೇ ಕಳಿಸಿದ ಮಾದರೀಲಿ ಅಲ್ಲಿ ನೆಲಾನೇ ಇಲ್ವಲ್ರೀ!"

"ಇದೆ ಸರ್," ಅಂದಳು ಕತ್ತರಿಯಕ್ಕ. "ನಾನು ಅದರ ಮೇಲೇ ನಿಂತಿದೀನಿ."