ಅರ್ಧ ಕಟ್ಟಿದವರ ಸಾಲು

ಒಂದು ಭಾಗಾಕಾರವನ್ನು ನಂಬದೆ ಹೋಗಿದ್ದಕ್ಕೆ ನಾನು ತೆತ್ತದ್ದು ಹೊಸಪೇಟೆಯ ನಮ್ಮ ಮೋಟಾರ್ ವೈಂಡಿಂಗ್ ಶೆಡ್ಡು. ಅದರಲ್ಲಿ ಅರ್ಧ ನನ್ನ ತಮ್ಮನದು. ಭಾಗಾಕಾರ ಮಾಡಿ ತೋರಿಸಿದವನೂ ಅವನೇ.

ಗಿರಾಕಿ ಒಂದು ಖಾಸಗಿ ನೀರು ಸರಬರಾಜು ಕಂಪನಿ. ಹೊಸ ಬಡಾವಣೆಗಳಿಗೆ, ಹಂಪಿಯ ಗೆಸ್ಟ್ ಹೌಸುಗಳಿಗೆ, ತೋರಣಗಲ್ಲಿನ ಲೇಬರ್ ಕಾಲೊನಿಗಳಿಗೆ ಅದರದೇ ನೀರು. ಕಂಪ್ಲಿ ಕಡೆ ಹೊಳೆದಂಡೆಯಲ್ಲಿದ್ದ ಅವರ ಪಂಪುಗಳ ಮೋಟಾರು ಸುಟ್ಟಾಗಲೆಲ್ಲ ಹೊಸ ತಂತಿ ಸುತ್ತಿಕೊಡುವ ಗುತ್ತಿಗೆ ನಮಗೆ ಸಿಗುವುದರಲ್ಲಿತ್ತು. ಹಣ ಆಮೇಲೆ ಕಂತಿನಲ್ಲಿ. ತಾಮ್ರದ ತಂತಿ ಮೊದಲೇ ನಾವೇ ತರಬೇಕು. ಅದಕ್ಕೆ ಶೆಡ್ಡು ಅಡವಿಡಬೇಕು.

ತಮ್ಮ ಬಿ.ಕಾಂ. ಓದಿದವನು. ಕಂಪನಿಯ ವಾರ್ಷಿಕ ವರದಿ ತರಿಸಿ, ವರ್ಷವಿಡೀ ಕೊಟ್ಟ ಬಿಲ್ಲುಗಳ ಮೊತ್ತವನ್ನು ಜನರಿಂದ ಬರಬೇಕಿದ್ದ ಬಾಕಿಯ ಸರಾಸರಿಯಿಂದ ಭಾಗಿಸಿದ.

“ಅಣ್ಣಾ, ಹಿಂದಿನ ವರ್ಷ ಬಾಕಿ ವಸೂಲಾಗಿ ಆರು ಸಲ ತಿರುಗಿತ್ತು. ಅಂದ್ರ ಎರಡು ತಿಂಗಳಿಗೆ ರೊಕ್ಕ ಕೈಗೆ. ಈಗ ಎರಡೇ ಸಲ, ಆರು ತಿಂಗಳು ಕಾಯಬೇಕು. ಇವರ ಲಾಭ ಎಲ್ಲಾ ಕಾಗದದ ಹಾಳ್ಯಾಗ ಐತಿ, ಕೈಯಾಗ ಇಲ್ಲ.”

“ಲೇ, ಕುಂತಲ್ಲೇ ಭಾಗಿಸಬ್ಯಾಡ. ಅವರ ಕೌಂಟರ್ ಮುಂದ ನಿಂತು ನೋಡು, ಕಾಲಿಡಾಕ ಜಾಗ ಇಲ್ಲ.”

ಸಂತೆಯಲ್ಲಿ ಹಳೆ ಮೋಟಾರು ಕೊಂಡು ಮಾರಿ ಬೆಳೆದವನು ನಾನು. ಗಲ್ಲಾಪೆಟ್ಟಿಗೆಯ ಮುಂದಿನ ಗುಂಪು ನೋಡಿಯೇ ಅಂಗಡಿಯ ಬಲ ಹೇಳುತ್ತಿದ್ದೆ. ಚೌಕಾಸಿಗೆಂದೇ ರೇಟು ಏರಿಸಿ ಹೇಳಿದರೆ, ಕಂಪನಿಯ ಮ್ಯಾನೇಜರು ಒಂದು ಪೈಸೆ ಇಳಿಸದೆ ಒಪ್ಪಿಬಿಟ್ಟ. ಮೀಸೆ ತಿರುವಿಕೊಂಡು ಮನೆಗೆ ಬಂದೆ.

ತಮ್ಮ ಮತ್ತೆ ವಾದಿಸಲಿಲ್ಲ. “ನೀ ಅಂದಮ್ಯಾಲ ಮುಗೀತಪ್ಪ,” ಅಂದು ಅಡಮಾನದ ಪತ್ರಕ್ಕೆ ಸಹಿ ಹಾಕಿದ.

ಆ ಗುಂಪು ಸುಳ್ಳಲ್ಲ. ಆದರೆ ಸಾಲಿನಲ್ಲಿ ನಿಂತವರು ಕಟ್ಟುತ್ತಿದ್ದುದು ಬಿಲ್ಲಿನ ಅರ್ಧ. ಅರ್ಧ ಕಟ್ಟಿದರೆ ಆ ತಿಂಗಳು ನಲ್ಲಿ ಕೀಳುವುದಿಲ್ಲವೆಂಬುದು ಅವರ ನೀರು ಕುಡಿಯುವವರಿಗೆಲ್ಲ ಗೊತ್ತಿದ್ದ ರೂಢಿ. ಉಳಿದರ್ಧ ಬಾಕಿಯ ಮೇಲೆ ಬಾಕಿಯಾಗುತ್ತಿತ್ತು. ಕಂಪನಿ ಮಾತ್ರ ಪೂರ್ತಿ ಬಿಲ್ಲನ್ನೇ ಆದಾಯವೆಂದು ಬರೆದುಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಕರೆಂಟಿನ ಬಿಲ್ಲು ಕಟ್ಟಲಾಗದೆ ಪಂಪುಗಳು ನಿಂತವು. ನಮಗೊಂದು ಕಂತೂ ಬರಲಿಲ್ಲ. ತಂತಿ ಸುತ್ತಿಟ್ಟ ಮೋಟಾರುಗಳ ಸಮೇತ ಶೆಡ್ಡಿಗೆ ಬ್ಯಾಂಕಿನವರು ಬೀಗ ಹಾಕಿದರು.

ತಮ್ಮ ಈಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ಶಿಫ್ಟಿನ ಬಸ್ಸಿನಿಂದಿಳಿದು, ಕೆಂಪು ಧೂಳು ತೊಳೆದುಕೊಂಡು, ನನ್ನ ಪಕ್ಕದಲ್ಲೇ ಕೂತು ಉಣ್ಣುತ್ತಾನೆ. ಬೈದಿದ್ದರೆ ಒಳ್ಳೆಯದಿತ್ತು.

ನೀರಿನದೋ ಕರೆಂಟಿನದೋ ಕಂಪನಿಗೆ ನೀವು ಮಾಲೋ ಕೆಲಸವೋ ಉದ್ದರಿ ಕೊಡುವವರಿದ್ದರೆ, ವರದಿಯಲ್ಲಿನ ಲಾಭದ ಸಾಲಿಗೆ ಮರುಳಾಗಬೇಡಿ. ಬಾಕಿ ವರ್ಷಕ್ಕೆ ಎಷ್ಟು ಸಲ ತಿರುಗುತ್ತದೆ, ಹೋದ ವರ್ಷ ಎಷ್ಟಿತ್ತು ನೋಡಿ. ಇಳಿಯುತ್ತಿದ್ದರೆ ಅರ್ಧ ಮುಂಗಡ ಕೇಳಿ, ಕೊಡದಿದ್ದರೆ ಎದ್ದು ಬನ್ನಿ. ಕೌಂಟರಿಗೂ ಹೋಗಿ, ಆದರೆ ಬರೀ ಸಾಲು ನೋಡಿ ಹಿಂತಿರುಗಬೇಡಿ. ಹೊರಬಂದವನನ್ನು ಎಷ್ಟು ಕಟ್ಟಿದೆಯೆಂದು ಕೇಳಿ. ನಿಮ್ಮ ರೇಟಿಗೆ ಚೌಕಾಸಿ ಮಾಡದವನು ಕೊಡುವ ಯೋಚನೆಯಲ್ಲಿಲ್ಲ. ಇನ್ನು, ಮನೆಯಲ್ಲಿ ಲೆಕ್ಕ ಬಲ್ಲವರೊಬ್ಬರು ಬೇಡವೆಂದರೆ, ಅವರ ಸಹಿ ಕೇಳುವ ಮುಂಚೆ ನೀವೂ ಒಮ್ಮೆ ಕೂತು ಭಾಗಿಸಿ.