ಕಾಡತೂಸಿನ ಪ್ರೆಸ್ಸಿಗೆ ಕಟ್ಟಿದ ಬೆಲೆ

ನಮ್ಮ ಗ್ಯಾರೇಜಿನ ಮೂಲೆಯಲ್ಲಿ, ಹಿಮ ಎತ್ತುವ ಸಲಿಕೆಗೂ ಸೋನಾ ಮಸೂರಿ ಅಕ್ಕಿಯ ಮೂಟೆಗೂ ನಡುವೆ, ಶಾವಿಗೆ ಒತ್ತುವ ಒರಳಿನ ಹಿರಿಯಣ್ಣನಂತೆ ಎರಕದ ಕಬ್ಬಿಣದ ಪ್ರೆಸ್ಸೊಂದು ಬಹುಕಾಲ ನಿಂತಿತ್ತು. ಹಾರಿಸಿ ಖಾಲಿಯಾದ ಕಾಡತೂಸಿನ ಹಿತ್ತಾಳೆ ಚಿಪ್ಪನ್ನು ಹದಕ್ಕೆ ತಂದು, ಮತ್ತೆ ಮದ್ದುಗುಂಡು ತುಂಬಿ ಹೊಸದಾಗಿಸುವ ಯಂತ್ರ ಅದು. ಇಲ್ಲಿ ಅಮೆರಿಕದಲ್ಲಿ, ಎಲ್ಕ್ ಗ್ರೋವ್ ವಿಲೇಜ್ ಎಂಬ ಊರಿನ ಕಾರ್ಖಾನೆಯಲ್ಲಿ ನನ್ನ ಜೊತೆ ದುಡಿಯುತ್ತಿದ್ದ ಗೆಳೆಯರು ಹತ್ತಿಸಿದ ಹುಚ್ಚು. ನಂಬಿ, ಒಂದು ಗುಬ್ಬಿಯನ್ನೂ ಕೊಂದವನಲ್ಲ. ಕಾಗದದ ಗುರಿಗಳನ್ನಷ್ಟೇ ತೂತು ಮಾಡುತ್ತ ಬಂದ ಶುದ್ಧ ಸಸ್ಯಾಹಾರಿ ಬಂದೂಕುಗಾರ ನಾನು. ಆದರೂ ಕನ್ನಡ ಕೂಟದಲ್ಲಿ ಯಾರಾದರೂ ಹವ್ಯಾಸವೇನೆಂದು ಕೇಳಿದರೆ ತೋಟಗಾರಿಕೆ ಎನ್ನುತ್ತಿದ್ದೆ. ಸುಳ್ಳೇನಲ್ಲ, ಕಾಡತೂಸಿಗೆ ತೋಟಾ ಎಂಬ ಹೆಸರೂ ಇದೆಯಲ್ಲ, ತೋಟಕ್ಕೂ ತೋಟಾಕ್ಕೂ ಒಂದು ದೀರ್ಘದಷ್ಟೇ ಅಂತರ.

ನಿವೃತ್ತಿಯ ಬೆನ್ನಲ್ಲೇ ಭುಜದ ನೋವು ಬಂತು. "ಕೈ ಮೇಲೆ ಏಳಲ್ಲ, ಇನ್ಯಾಕ್ರೀ ಈ ಕಬ್ಬಿಣ? ಮಾರ್ಬಿಡಿ" ಎಂದಳು ನನ್ನ ಹೆಂಡತಿ ವಿಶಾಲಾ. ಮಾರುವುದು ಸುಲಭ, ಬೆಲೆ ಕಟ್ಟುವುದು ಕಷ್ಟ. ಹಳೆಯದಕ್ಕೆ ಹೊಸದರ ಅರ್ಧ ಬೆಲೆ ಎಂಬುದು ಲೋಕರೂಢಿ. ಆದರೆ ಕಾರಿನಂತೆ ಸವೆಯದ, ಮನುಷ್ಯನಂತೆ ಬಾಗದ ಈ ಎರಕದ ಕಬ್ಬಿಣಕ್ಕೆ ಮುಪ್ಪೆಂಬುದೇ ಇಲ್ಲವಲ್ಲ! ರೂಢಿಯ ಅರ್ಧವನ್ನು ಕಬ್ಬಿಣದ ಲೆಕ್ಕಕ್ಕೂ ಉಳಿದರ್ಧವನ್ನು ಮಮತೆಯ ಲೆಕ್ಕಕ್ಕೂ ಬರೆದು, ನಾನೂರು ಡಾಲರೆಂದು ಜಾಹೀರಾತು ಹಾಕಿದೆ.

'ಆನ್' ಎಂಬ ಹೆಸರಿನವರೊಬ್ಬರು ಹತ್ತಿರದ ಅರೋರಾ ಊರಿನಿಂದ ಬರುವುದಾಗಿ ಸಂದೇಶ ಕಳಿಸಿದರು. ಗಡ್ಡದ ಗಂಡನ ಜೊತೆ ಪಿಕಪ್ ಟ್ರಕ್ಕಿನಲ್ಲಿ ಬರುವ ಅಮೆರಿಕನ್ ಹೆಂಗಸನ್ನು ಕಲ್ಪಿಸಿಕೊಂಡು, ಚೌಕಾಸಿಗೆ ಸೊಂಟ ಕಟ್ಟಿ ನಿಂತಿದ್ದೆ. ಪುಟ್ಟ ಕಾರಿನಿಂದ ಇಳಿದವಳು ಆಸ್ಪತ್ರೆಯ ಗುರುತುಚೀಟಿಯನ್ನು ಕೊರಳಿಗೆ ನೇತುಹಾಕಿಕೊಂಡಿದ್ದ ಯುವತಿ. ನನ್ನ ಹೆಸರಿನ ಫಲಕ ಓದಿದವಳೇ, "ಓ ಮೈ ಗಾಡ್, ನೀವು ಕನ್ನಡದವ್ರಾ ಅಂಕಲ್? ನಾನು ಅನನ್ಯಾ, ಇಲ್ಲಿಯವ್ರಿಗೆ ಆನ್" ಎಂದಳು. ಆ ಒಂದು 'ಅಂಕಲ್'ನಿಂದಲೇ ನನ್ನ ನಾನೂರರ ಕೋಟೆ ಬಿರುಕು ಬಿಟ್ಟಿತು.

ಹುಡುಗಿ ಮಾತ್ರ ಕೆಲಸಕ್ಕೆ ಇಳಿದಳು. ಹಿಡಿಯನ್ನು ಎಳೆದು ಅಲುಗಾಟ ನೋಡಿದಳು. ಚಿಪ್ಪನ್ನು ಹದ ಮಾಡುವ ಉಕ್ಕಿನ ಅಚ್ಚುಗಳೊಳಗೆ ಮೊಬೈಲಿನ ಬೆಳಕು ಬಿಟ್ಟು ಇಣುಕಿದಳು. "ಪ್ರೆಸ್ ಸೂಪರ್ ಇದೆ. ಬಟ್ ಅಂಕಲ್, ಈ ಅಚ್ಚುಗಳ ಒಳಗೆ ತುಕ್ಕು ಇದೆ. ಟೂ ಫಿಫ್ಟಿ ಈಸ್ ಫೇರ್." ಹೆಣ್ಣು ನೋಡಲು ಬಂದವರು ಮಗಳ ಹಲ್ಲು ಎಣಿಸಿದಷ್ಟು ಸಿಟ್ಟು ಬಂತು ನನಗೆ. ಇಣುಕಿ ನೋಡಿದರೆ ತುಕ್ಕಂತೂ ಇತ್ತು.

"ಮತ್ತೆ ಸ್ಕೇಲ್ ಎಲ್ಲಿ? ಆ್ಯಡ್‌ನಲ್ಲಿ ಇತ್ತಲ್ಲ?"

ಮದ್ದು ತೂಗುವ ಪುಟ್ಟ ತಕ್ಕಡಿ ಅದರ ಜಾಗದಲ್ಲಿರಲಿಲ್ಲ. ಡಬ್ಬಗಳನ್ನೆಲ್ಲ ಮಗುಚಿ ಹುಡುಕುತ್ತಿರುವಾಗ ಕಾಫಿ ಹಿಡಿದು ಬಂದ ವಿಶಾಲಾ ಬಾಗಿಲಲ್ಲೇ ನಿಂತಳು.

"ಅದು ನನ್ನ ಬೀರುವಿನಲ್ಲಿದೆ."

"ನಿನ್ನ ಬೀರುವಿನಲ್ಲಾ?"

"ಡೆವನ್ ಅವೆನ್ಯೂ ಚಿನ್ನದಂಗಡಿಗೆ ಹೋಗಿ ಓಲೆ, ಉಂಗುರ ತಂದಾಗ ಮನೇಲಿ ತೂಗಿ ನೋಡ್ತೀನಿ. ಯಾವತ್ತೂ ಸರಿಯಾಗೇ ಇರುತ್ತೆ. ಆದ್ರೂ ತೂಗಿದ್ರೆ ಒಂದು ನೆಮ್ಮದಿ. ಅದನ್ನ ಮಾತ್ರ ಕೊಡಲ್ಲ."

ಬಂದೂಕಿನ ಸಾಮಾನನ್ನು ಕಡ್ಡಿಯಲ್ಲೂ ಮುಟ್ಟುವುದಿಲ್ಲವೆಂದಿದ್ದ ನನ್ನ ಧರ್ಮಪತ್ನಿ! ಜಾಹೀರಾತಿನ ಮಾತು ತಪ್ಪಿದ ನಾಚಿಕೆಯಿಂದ, "ಅನನ್ಯಾ, ನೂರು ಕೊಟ್ಟು ತಗೊಂಡು ಹೋಗಮ್ಮ" ಎಂದೆ.

"ನೋ ನೋ, ದಟ್ಸ್ ನಾಟ್ ಫೇರ್ ಅಂಕಲ್. ಸ್ಕೇಲ್ ಇಲ್ದೇ ಇದ್ರೂ ಟೂ ಟ್ವೆಂಟಿ."

"ಮಗು, ತುಕ್ಕು ಹಿಡಿದಿದೆ."

"ಅದು ಉಜ್ಜಿದ್ರೆ ಹೋಗುತ್ತೆ!"

ಕೊಳ್ಳುವವಳು ಏರಿಸುತ್ತ, ಮಾರುವವನು ಇಳಿಸುತ್ತ, ನಾವು ಒಬ್ಬರ ಬೆಲೆಯನ್ನೊಬ್ಬರು ದಾಟಿ ಎದುರು ದಿಕ್ಕಿಗೆ ನಡೆಯುತ್ತಿದ್ದೆವು. ಕೊನೆಗೆ ವಿಶಾಲಾ ಲೋಟ ಕೆಳಗಿಟ್ಟಳು. "ಇನ್ನೂರು ಕೊಡು ಸಾಕು. ಜೊತೆಗೆ ಶನಿವಾರ ಇವರನ್ನ ಕರೆಸ್ಕೊಂಡು ಕಲ್ತ್ಕೋ. ಇದು ಹೋದ್ಮೇಲೆ ಇವರು ಮನೇಲಿ ಕೂತು ನನ್ನ ತಲೆ ತಿಂತಾರೆ."

"ಡೀಲ್, ಆಂಟಿ!" ಎಂದಳು ಹುಡುಗಿ. ನನ್ನನ್ನು ಯಾರೂ ಕೇಳಲಿಲ್ಲ.

ಪ್ರೆಸ್ಸು ಹೋದ ಮೇಲೆ ಮೇಜಿನ ಮೇಲೆ ಉಳಿದ ಬೋಲ್ಟಿನ ತೂತುಗಳನ್ನು ನೋಡಿದಾಗ ಎದೆಯಲ್ಲೂ ಅಂಥವೇ ಇದ್ದಂತೆನಿಸಿತು. ಶನಿವಾರ ಅರೋರಾಕ್ಕೆ ಹೋದೆ. ಅಚ್ಚುಗಳು ಉಜ್ಜಿ ಉಜ್ಜಿ ಕನ್ನಡಿಯಾಗಿದ್ದವು. ಅನನ್ಯಾ ಹೊಸ ತಕ್ಕಡಿ ತಂದಿದ್ದಳು. ಹಿಡಿ ಎಳೆದವಳು ಅವಳು, ಎಲ್ಲಿ ನಿಲ್ಲಿಸಬೇಕೆಂದು ಹೇಳಿದವನು ನಾನು. ಕೈ ಅವಳದು, ಹದ ನನ್ನದು. ಮೊದಲ ಚಿಪ್ಪು ಅಳತೆಗೆ ಸರಿಯಾಗಿ ಹೊರಬಂದಾಗ ಅವಳು ಕುಣಿದಳು. ನಾನು, ಭುಜದ ನೆಪದಲ್ಲಿ, ಕುಣಿಯದೆ ಉಳಿದೆ.

ಮನೆಗೆ ಬಂದಾಗ ವಿಶಾಲಾ ಕೇಳಿದಳು, "ಹೇಗಿತ್ತು?"

"ಪ್ರೆಸ್ಸು ನಮ್ಮ ಹತ್ರ ಇದ್ದಾಗಿಗಿಂತ ಅಲ್ಲೇ ಚೆನ್ನಾಗಿ ಕೆಲ್ಸ ಮಾಡ್ತಿದೆ ಕಣೆ" ಎಂದೆ.

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. "ಹಾಗಾದ್ರೆ ಕಡಿಮೆಗೆ ಕೊಟ್ಬಿಟ್ವಿ ಅನ್ನಿ."